ಖಾಲಿ ತಟ್ಟೆ ಮತ್ತು ಮುಖವಿಲ್ಲದ ಗುಮ್ಮ

ಥ್ರಿಲ್ಲರ್ ಸಿನೆಮಾಗಳ ಮಾತು ಬಂದರೆ ನಾವೆಲ್ಲ ಸೀದಾ ಕ್ಲೈಮ್ಯಾಕ್ಸಿಗೇ ಹೋಗಿಬಿಡ್ತೀವಿ. "ಕೊನೇಲಿ ಕೊಲೆಗಾರ ಯಾರು ಅಂತ ಗೊತ್ತಾದಾಗ ತಲೆ ತಿರುಗಿ ಹೋಯ್ತು ಮಾರಾಯಾ" ಅನ್ನೋದೇ ಅಂಥ ಸಿನೆಮಾಕ್ಕೆ ನಾವು ಕೊಡುವ ಅತಿ ದೊಡ್ಡ ಸರ್ಟಿಫಿಕೇಟು. ನನಗೇನೋ ಕೊನೆಗಿಂತ ಮೊದಲ ಹತ್ತು ನಿಮಿಷದ ಮೇಲೇ ಹೆಚ್ಚು ಕುತೂಹಲ. ಯಾರ ಪರಿಚಯವೂ ಇನ್ನೂ ಆಗಿರೋದಿಲ್ಲ, ಕಥೆ ಏನು ಅಂತ ಗೊತ್ತಿರೋದಿಲ್ಲ. ಆದರೂ ಒಂದು ಗಡಿಯಾರ, ಒಂದು ಬಾಗಿಲು, ನೆಲದ ಮೇಲೆ ಬಿದ್ದ ಯಾವುದೋ ಒಂದು ವಸ್ತು, ಇಷ್ಟನ್ನೇ ತೋರಿಸಿ ನಮ್ಮನ್ನು ಕುರ್ಚಿಯ ತುದಿಗೆ ತಂದು ಕೂರಿಸುತ್ತಾರಲ್ಲ, ಅದು ಹೇಗೆ?

ಇದಕ್ಕೆ ಉತ್ತರ ಹುಡುಕುತ್ತಾ ಹಿಂದೆ ಹಿಂದೆ ಹೋದರೆ 1927 ಮತ್ತು 1931ರ ಎರಡು ಸಿನೆಮಾಗಳು ಸಿಗುತ್ತವೆ. ಒಂದು ಲಂಡನ್ನಿನ ಕಥೆ, ಇನ್ನೊಂದು ಬರ್ಲಿನ್ನಿನದು. ನಿಗೂಢತೆ ಕಟ್ಟುವ ಬಹಳಷ್ಟು ಪಟ್ಟುಗಳು ಈ ಎರಡರಲ್ಲೇ ಇವೆ. ಅದಕ್ಕಿಂತ ಮುಖ್ಯವಾಗಿ, ಆ ಪಟ್ಟುಗಳಲ್ಲಿರುವ ಅಪಾಯ ಏನು ಅನ್ನೋದೂ ಈ ಎರಡು ಸಿನೆಮಾಗಳಿಗೆ ಗೊತ್ತಿತ್ತು. ಬರೆಯುತ್ತಾ ಕಥೆಯ ಗುಟ್ಟುಗಳನ್ನು ಅಲ್ಲಲ್ಲಿ ಬಿಟ್ಟುಕೊಡ್ತೀನಿ. ನೋಡದೇ ಇದ್ದವರು ಈಗಲೇ ಎಚ್ಚರ ವಹಿಸಿ :)

ಮೊದಲು ಲಂಡನ್ನಿನದು. ಆಲ್ಫ್ರೆಡ್ ಹಿಚ್‌ಕಾಕ್‌ನ 'ದಿ ಲಾಡ್ಜರ್'. ಲಾಡ್ಜರ್ ಅಂದರೆ ಮನೆಯೊಂದರಲ್ಲಿ ರೂಮು ಬಾಡಿಗೆಗೆ ಹಿಡಿದು ಇರುವವನು. 1888ರಲ್ಲಿ ಲಂಡನ್ನನ್ನು ನಡುಗಿಸಿದ, ಕೊನೆಗೂ ಸಿಗದೇ ಹೋದ 'ಜ್ಯಾಕ್ ದ ರಿಪ್ಪರ್' ಎಂಬ ಕೊಲೆಗಾರನ ನೆನಪಿನಲ್ಲಿ ಮೇರಿ ಬೆಲ್ಲಾಕ್ ಲೌಂಡ್ಸ್ ಎಂಬ ಲೇಖಕಿ 1913ರಲ್ಲಿ ಬರೆದ ಕಾದಂಬರಿಯೇ ಇದಕ್ಕೆ ಆಧಾರ. ಮೂಕಿ ಚಿತ್ರ. ಶುರುವಾಗುವುದೇ ಕಿರುಚುತ್ತಿರುವ ಒಬ್ಬ ಹೆಣ್ಣಿನ ಮುಖದಿಂದ. ಪರದೆ ತುಂಬ ಆ ಮುಖ, ಹೊಳೆಯುವ ಚಿನ್ನದ ಬಣ್ಣದ ಕೂದಲು. ಮೂಕಿಯಾದ್ದರಿಂದ ಕಿರುಚಾಟ ಕೇಳಿಸೋದಿಲ್ಲ, ಕಾಣುತ್ತದೆ ಅಷ್ಟೆ. ಆಮೇಲೆ ಕತ್ತಲಲ್ಲಿ ಮಿನುಗುವ ಒಂದು ದೀಪದ ಬೋರ್ಡು: 'ಈ ರಾತ್ರಿ, ಚಿನ್ನದ ಗುಂಗುರು'. ಯಾವುದೋ ನಾಟಕದ ಜಾಹೀರಾತು. ಆದರೆ ಸತ್ತವಳ ಕೂದಲನ್ನು ಆಗಷ್ಟೇ ನೋಡಿದ ನಮಗೆ ಅದು ಬೇರೆಯೇ ಆಗಿ ಓದಿಸಿಕೊಳ್ಳುತ್ತದೆ.

ಕೊಲೆಗಾರನನ್ನು ತೋರಿಸಿದನಾ? ಇಲ್ಲ. ಕೊಂದದ್ದನ್ನೂ ತೋರಿಸಲಿಲ್ಲ. ಹಿಚ್‌ಕಾಕ್ ತೋರಿಸುವುದು ಸುದ್ದಿ ಹರಡುವ ಬಗೆಯನ್ನು. ಕಂಡೆ ಎನ್ನುವ ಮುದುಕಿಯೊಬ್ಬಳು ಸುತ್ತ ನೆರೆದವರಿಗೆ ವಿವರಿಸುತ್ತಾಳೆ, ಅವನ ಮುಖದ ಕೆಳಭಾಗ ಮುಚ್ಚಿತ್ತು ಅಂತ. ಗುಂಪಿನಲ್ಲಿದ್ದ ಪೋಲಿಯೊಬ್ಬ ತನ್ನ ಕೋಟನ್ನು ಮೂಗಿನ ತನಕ ಎಳೆದುಕೊಂಡು ಅವಳನ್ನು ಹೆದರಿಸುತ್ತಾನೆ. ವರದಿಗಾರ ಫೋನಿಗೆ ಓಡುತ್ತಾನೆ, ಪತ್ರಿಕೆಯ ಯಂತ್ರಗಳು ತಿರುಗುತ್ತವೆ, ಪೇಪರು ತುಂಬಿದ ವ್ಯಾನು ಹೊರಡುತ್ತದೆ, ರೇಡಿಯೋ ಮುಂದೆ ಕೂತವರ ಮುಖಗಳು ಒಂದೊಂದಾಗಿ ಬಂದುಹೋಗುತ್ತವೆ. ಒಂದು ಹೆಣ, ಊರಿಗೆಲ್ಲ ಭಯ.

ಇಷ್ಟಾದ ಮೇಲೆ ಒಂದು ಮನೆಯ ಬಾಗಿಲು ತೆರೆದರೆ ಹೊರಗೆ ಮಂಜಿನಲ್ಲಿ ಒಬ್ಬ ನಿಂತಿದ್ದಾನೆ, ಮುಖದ ಕೆಳಭಾಗವನ್ನು ಮಫ್ಲರಿನಿಂದ ಮುಚ್ಚಿಕೊಂಡು. "ರೂಮು ಬಾಡಿಗೆಗೆ ಇದೆಯಾ?" ಅನ್ನುವುದಷ್ಟೇ ಅವನ ಕೆಲಸ. ನಾವು ಮಾತ್ರ ಆಗಲೇ ತೀರ್ಪು ಬರೆದು ಮುಗಿಸಿರುತ್ತೇವೆ! ಮುಂದೆ ಅವನು ಮಹಡಿಯಲ್ಲಿ ಅತ್ತಿಂದಿತ್ತ ಓಡಾಡುವಾಗ ಕೆಳಗಿನ ಮನೆಯವರು ತಲೆ ಎತ್ತಿ ನೋಡುತ್ತಾರೆ. ಹೆಜ್ಜೆಯ ಸದ್ದು ಮೂಕಿಯಲ್ಲಿ ಕೇಳಿಸುವುದು ಹೇಗೆ? ಹಿಚ್‌ಕಾಕ್ ಗಾಜಿನ ನೆಲ ಮಾಡಿಸಿ, ನಟನನ್ನು ಅದರ ಮೇಲೆ ನಡೆಸಿ, ಕೆಳಗಿನಿಂದ ಚಿತ್ರಿಸಿದ. ತೂಗಾಡುವ ದೀಪದ ಗೊಂಚಲು, ಅದರ ಮೇಲೆ ಓಡಾಡುವ ಬೂಟಿನ ಅಡಿಗಳು. ಕೇಳಿಸಬೇಕಾದದ್ದನ್ನೂ ಕಾಣಿಸಿಬಿಟ್ಟ.

ಹಿಚ್‌ಕಾಕ್‌ಗೆ ಈ ಬುದ್ಧಿ ಎಲ್ಲಿಂದ ಬಂತು ಅಂದರೆ ಜರ್ಮನಿಯಿಂದ. ಅದಕ್ಕೆ ಎರಡು ಮೂರು ವರ್ಷ ಮುಂಚೆ ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಅವನು ಕೆಲಸ ಮಾಡಿದ್ದ. ಅಲ್ಲಿ ಎಫ್. ಡಬ್ಲ್ಯು. ಮುರ್ನೌ ಚಿತ್ರ ತೆಗೆಯುವುದನ್ನು ಕಣ್ಣಾರೆ ಕಂಡಿದ್ದ. ಹಾಗಾಗಿ ನಾವೂ ಈಗ ಬರ್ಲಿನ್ನಿಗೇ ಹೋಗೋಣ.

ಆ ಕಾಲದ ಜರ್ಮನ್ ಚಿತ್ರಗಳಲ್ಲಿ ಭಯ ಅಂದರೆ ನೆರಳು. 1920ರ 'ಡಾಕ್ಟರ್ ಕ್ಯಾಲಿಗರಿ'ಯಲ್ಲಿ ಒಂದು ಕೊಲೆ ನಡೆಯುವುದು ಗೋಡೆಯ ಮೇಲಿನ ನೆರಳಿನಲ್ಲಿ. 1922ರ 'ನೊಸ್ಫೆರಾಟು'ವಿನಲ್ಲಿ ಮೆಟ್ಟಿಲು ಹತ್ತಿ ಬರುವ ರಕ್ತಪಿಶಾಚಿಯ ಉದ್ದ ಉಗುರಿನ ನೆರಳನ್ನು ಒಮ್ಮೆ ನೋಡಿದವರು ಮರೆಯುವ ಹಾಗಿಲ್ಲ. ಆದರೆ ಅವೆಲ್ಲ ಭೂತದ ನೆರಳುಗಳು. ಬಣ್ಣ ಬಳಿದ ಸೊಟ್ಟ ಮನೆಗಳು, ಹಾಳು ಕೋಟೆ, ಕತ್ತಲು... ಪ್ರೇಕ್ಷಕ ಮನೆಗೆ ಹೋಗಿ ದೀಪ ಹಚ್ಚಿಕೊಂಡರೆ ಭಯ ಮುಗಿಯಿತು. ಈ ನೆರಳನ್ನು ಹಾಡುಹಗಲಿನ ಬೀದಿಗೆ ಕರೆದುಕೊಂಡು ಬಂದವನು ಫ್ರಿಟ್ಜ್ ಲಾಂಗ್. ಸಿನೆಮಾದ ಹೆಸರು ಒಂದೇ ಅಕ್ಷರ, 'ಎಂ'. ಬಿಡುಗಡೆಯಾದದ್ದು 1931ರ ಮೇ 11ರಂದು ಬರ್ಲಿನ್ನಿನಲ್ಲಿ. ಲಾಂಗ್‌ನ ಮೊದಲ ಮಾತಿನ ಚಿತ್ರ. ಕ್ಯಾಮೆರಾ ಫ್ರಿಟ್ಜ್ ಆರ್ನೋ ವಾಗ್ನರ್‌ನದು. 'ನೊಸ್ಫೆರಾಟು'ವಿನ ಕ್ಯಾಮೆರಾ ಹಿಡಿದವನೂ ಇವನೇ. ಲಾಂಗ್ ಓದಲು ಹೊರಟಿದ್ದು ವಿಯೆನ್ನಾದಲ್ಲಿ ಸಿವಿಲ್ ಇಂಜಿನಿಯರಿಂಗು, ಬೇಗನೇ ಬಿಟ್ಟ. ನಮ್ಮಂಥವರಿಗೆ ಇದು ಸ್ವಲ್ಪ ಹೊಟ್ಟೆ ಉರಿಸುವ ವಿಷಯ.

ಚಿತ್ರಕಥೆ ಬರೆದದ್ದು ಲಾಂಗ್ ಮತ್ತು ಅವನ ಆಗಿನ ಹೆಂಡತಿ ಥೇಯಾ ಫಾನ್ ಹಾರ್ಬೌ. (ಈಕೆ ಲಾಂಗ್‌ನಿಂದ ಬೇರೆಯಾದ ಮೇಲೆ ಮದುವೆಯಾದದ್ದು ಬೆಳಗಾವಿ ಕಡೆಯ ಪತ್ರಕರ್ತ ಅಯಿ ತೆಂಡುಲ್ಕರ್ ಅವರನ್ನು. ಅದೇ ಇನ್ನೊಂದು ಸಿನೆಮಾ ಆಗುವಷ್ಟು ಕಥೆ, ಬೇರೆ ಯಾವಾಗಲಾದರೂ ಬರೀತೀನಿ.)

ಆ ದಿನಗಳ ಜರ್ಮನಿಯಲ್ಲಿ ಸಿನೆಮಾದ ಕೊಲೆಗಾರನಿಗಿಂತ ಪೇಪರಿನ ಕೊಲೆಗಾರರೇ ಭಯಂಕರ. ಹಾನೋವರ್ ಊರಿನಲ್ಲಿ ಹುಡುಗರನ್ನು ಕೊಂದ ಹಾರ್ಮನ್ ಎಂಬವನಿಗೆ 1925ರಲ್ಲಿ ಮರಣದಂಡನೆಯಾಗಿತ್ತು. ಅವನ ಮೇಲೆ ಮಕ್ಕಳೇ ಹಾಡು ಕಟ್ಟಿ ಆಡುತ್ತಿದ್ದರು. 1929ರಲ್ಲಿ ಡ್ಯೂಸೆಲ್‌ಡಾರ್ಫ್ ಊರನ್ನು ನಡುಗಿಸಿದ ಪೀಟರ್ ಕ್ಯುರ್ಟೆನ್ ಸಿಕ್ಕಿಬಿದ್ದದ್ದು 1930ರ ಮೇ ತಿಂಗಳಲ್ಲಿ. 'ಎಂ' ಬಿಡುಗಡೆಯಾಗುವ ಹೊತ್ತಿಗೆ ಅವನಿನ್ನೂ ಜೈಲಿನಲ್ಲಿ ಬದುಕಿದ್ದ. ಅಂದರೆ ಚಿತ್ರಮಂದಿರದಲ್ಲಿ ಕೂತವರ ಎದೆಯಲ್ಲಿ ಭಯ ಮೊದಲೇ ಇತ್ತು. ಲಾಂಗ್ ಅದಕ್ಕೆ ಆಕಾರ ಮಾತ್ರ ಕೊಡಬೇಕಿತ್ತು.

ಕೊಟ್ಟ ಬಗೆ ನೋಡಿ. ಪರದೆ ಕಪ್ಪಾಗಿದ್ದಾಗಲೇ ಒಂದು ಮಗುವಿನ ದನಿ. ಆಮೇಲೆ ಕಾಣುವುದು ಬಡವರ ವಠಾರದ ಅಂಗಳ, ಮೇಲಿನಿಂದ ನೋಡಿದ ಹಾಗೆ. ಮಕ್ಕಳು ಸುತ್ತ ನಿಂತಿದ್ದಾರೆ, ನಡುವೆ ಒಬ್ಬಳು ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸುತ್ತಾ ಔಟ್ ಮಾಡುತ್ತಿದ್ದಾಳೆ. ನಮ್ಮ ಕಡೆಯ ಮಕ್ಕಳೂ ಆಡುವ ಥರದ್ದೇ ಆಟ. ಹಾಡು ಮಾತ್ರ ಕತ್ತಿ ಹಿಡಿದು ಬರುವ ಗುಮ್ಮನದು. ಬಟ್ಟೆಯ ಬುಟ್ಟಿ ಹೊತ್ತ ಹೆಂಗಸೊಬ್ಬಳು ಆ ಹಾಡು ಹಾಡಬೇಡಿ ಅಂತ ಗದರುತ್ತಾಳೆ. ಮೇಲೆ ಹೋಗಿ ಬಟ್ಟೆ ಒಗೆಯುವ ಶ್ರೀಮತಿ ಬೆಕ್‌ಮನ್ ಹತ್ತಿರ ದೂರುತ್ತಾಳೆ. ಆಕೆ ಹೇಳುವುದಿಷ್ಟು: ಹಾಡು ಕೇಳಿಸುತ್ತಿರುವಷ್ಟು ಹೊತ್ತು ಮಕ್ಕಳು ಅಲ್ಲೇ ಇದ್ದಾರೆ ಅಂತಾದರೂ ಗೊತ್ತಾಗುತ್ತಲ್ಲ.

ಗೋಡೆ ಗಡಿಯಾರ ಹನ್ನೆರಡು ಹೊಡೆಯುತ್ತದೆ. ತಾಯಿ ಒದ್ದೆ ಕೈ ಒರೆಸಿಕೊಂಡು ನಗುತ್ತಾಳೆ. ಮಗಳು ಎಲ್ಸಿ ಶಾಲೆಯಿಂದ ಬರುವ ಹೊತ್ತು. ಅತ್ತ ಶಾಲೆ ಬಿಡುತ್ತದೆ. ಎಲ್ಸಿ ರಸ್ತೆಗೆ ಇಳಿದಾಗ ಕಾರೊಂದು ಹಾರ್ನ್ ಹೊಡೆಯುತ್ತದೆ, ಪೊಲೀಸಿನವನು ಬಂದು ಕೈ ಹಿಡಿದು ದಾಟಿಸುತ್ತಾನೆ. ಇತ್ತ ತಾಯಿ ಮೇಜಿನ ಮೇಲೆ ತಟ್ಟೆ, ಚಮಚ ಇಡುತ್ತಾಳೆ. ಅತ್ತ ಎಲ್ಸಿ ಚೆಂಡು ಪುಟಿಸುತ್ತಾ ನಡೆಯುತ್ತಾಳೆ. ಜಾಹೀರಾತು ಅಂಟಿಸುವ ದುಂಡು ಕಂಬವೊಂದಕ್ಕೆ ಚೆಂಡು ಎಸೆದು ಹಿಡಿಯುತ್ತಾಳೆ. ಚೆಂಡಿನ ಜೊತೆ ನಮ್ಮ ಕಣ್ಣೂ ಮೇಲೆ ಹೋಗಿ ಅಲ್ಲಿರುವ ಪೋಸ್ಟರು ಓದುತ್ತದೆ. ಹತ್ತು ಸಾವಿರ ಮಾರ್ಕ್ ಬಹುಮಾನ, ಕೊಲೆಗಾರ ಯಾರು? ಎಲ್ಸಿಗೆ ಅದು ಚೆಂಡು ಹೊಡೆಯುವ ಗೋಡೆ ಮಾತ್ರ. ಆಗ, ಆ ಪೋಸ್ಟರಿನ ಮೇಲೆ, ಹ್ಯಾಟು ಹಾಕಿದ ಒಬ್ಬನ ನೆರಳು ಬಂದು ನಿಲ್ಲುತ್ತದೆ. ಬಗ್ಗಿ ಮೆತ್ತಗೆ ಮಾತಾಡುತ್ತದೆ. ಚೆಂಡು ಚೆನ್ನಾಗಿದೆ, ನಿನ್ನ ಹೆಸರೇನು?

ಇಡೀ ಸಿನೆಮಾದ ಜೀವ ಇರುವುದು ಈ ಒಂದು ಶಾಟಿನಲ್ಲಿ. 'ಯಾರು?' ಎಂಬ ಪ್ರಶ್ನೆ ಮತ್ತು ಅದರ ಉತ್ತರ ಒಂದೇ ಚೌಕಟ್ಟಿನಲ್ಲಿವೆ. ಉತ್ತರಕ್ಕೆ ಮುಖ ಇಲ್ಲ ಅಷ್ಟೆ. ಉಗುರಿಲ್ಲ, ಕೋರೆಹಲ್ಲಿಲ್ಲ, ಕತ್ತಲಿಲ್ಲ. ಮರ್ಯಾದಸ್ಥನ ಹ್ಯಾಟು, ಮೃದುವಾದ ದನಿ, ನಡು ಮಧ್ಯಾಹ್ನ.

ಇಲ್ಲಿಂದ ಮುಂದೆ ನಮಗೆ ಗೊತ್ತು, ತಾಯಿಗೆ ಗೊತ್ತಿಲ್ಲ. ನೆರಳಿನ ಮನುಷ್ಯ ಸಿಳ್ಳೆ ಹಾಕುತ್ತಾ ಕುರುಡ ವ್ಯಾಪಾರಿಯಿಂದ ಗೊಂಬೆ ಆಕಾರದ ಬಲೂನು ಕೊಂಡು ಎಲ್ಸಿಗೆ ಕೊಡುತ್ತಾನೆ. ಆಗಲೂ ಅವನ ಬೆನ್ನೇ ಕಾಣುವುದು. ಮನೆಯಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ತಾಯಿ ಬಾಗಿಲು ತೆಗೆದರೆ ಬೇರೆಯವರ ಮಕ್ಕಳು. ಮತ್ತೆ ಬೆಲ್ಲು. ಈ ಸಲ ಧಾರಾವಾಹಿ ಮಾರುವವನು, ರೋಚಕ ಕಥೆಯ ಹೊಸ ಕಂತು ತಂದಿದ್ದಾನೆ! (ಥ್ರಿಲ್ಲರ್ ಓದುವ ನಮ್ಮನ್ನೂ ಲಾಂಗ್ ಅಲ್ಲೇ ಮೆಲ್ಲಗೆ ಚಿವುಟಿದ್ದಾನೆ.) ಗಡಿಯಾರ ಮುಂದೆ ಹೋಗಿದೆ. ಆಕೆ ಕಿಟಕಿ ತೆರೆದು ಕೂಗುತ್ತಾಳೆ, "ಎಲ್ಸೀ..."

ಆ ಕೂಗಿನ ಮೇಲೆ ಬರುವ ದೃಶ್ಯಗಳು: ಸುತ್ತಿ ಸುತ್ತಿ ಕೆಳಗಿಳಿಯುವ ಖಾಲಿ ಮೆಟ್ಟಿಲು. ಬಟ್ಟೆ ಒಣಹಾಕಿರುವ ಖಾಲಿ ಅಟ್ಟ. ಮೇಜಿನ ಮುಂದೆ ಖಾಲಿ ಕುರ್ಚಿ, ಊಟವಿಲ್ಲದ ತಟ್ಟೆ. ಆಮೇಲೆ ಪೊದೆಯಿಂದ ಹುಲ್ಲಿನ ಮೇಲೆ ಉರುಳಿ ಬಂದು ನಿಲ್ಲುವ ಚೆಂಡು. ಟೆಲಿಗ್ರಾಫ್ ತಂತಿಗೆ ಸಿಕ್ಕಿಕೊಂಡು ಒದ್ದಾಡಿ ಹಾರಿಹೋಗುವ ಬಲೂನು. ಕತ್ತಲು.

ಒಂದು ಹನಿ ರಕ್ತ ಇಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ಆದರೂ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ಯಾಕೆ ಅಂತ ನನ್ನ ಕಸುಬಿನ ಭಾಷೆಯಲ್ಲಿ ಹೇಳ್ತೀನಿ. ಸಾಫ್ಟ್‌ವೇರ್ ಟೆಸ್ಟ್ ಮಾಡುವಾಗ ಮೊದಲು ಏನು ಬರಬೇಕು ಅಂತ ಬರೆದಿಡುತ್ತೇವೆ, ಆಮೇಲೆ ನಿಜವಾಗಿ ಏನು ಬಂತು ಅಂತ ನೋಡುತ್ತೇವೆ. ಎರಡರ ನಡುವಿನ ವ್ಯತ್ಯಾಸವೇ ದೋಷ. ಲಾಂಗ್ ಮೊದಲ ಐದಾರು ನಿಮಿಷ ಮಾಡಿದ್ದು 'ಏನು ಬರಬೇಕು' ಅನ್ನುವುದನ್ನು ಬರೆದಿಟ್ಟ ಕೆಲಸ. ಹನ್ನೆರಡು ಗಂಟೆ, ಮೆಟ್ಟಿಲು, ತಟ್ಟೆ, ಚೆಂಡು, ಪ್ರತಿಯೊಂದಕ್ಕೂ ಒಂದು ಮಗುವಿನ ಜೊತೆ ಗಂಟು ಹಾಕಿದ. ಕೊನೆಗೆ ಅದೇ ಪಟ್ಟಿಯನ್ನು ಮಗುವಿಲ್ಲದೆ ತೋರಿಸಿದ. ಉಳಿದ ಲೆಕ್ಕವನ್ನು ನಾವೇ ಮಾಡಿ ಮುಗಿಸುತ್ತೇವೆ. ನಿಗೂಢತೆ ಕಟ್ಟುವುದು ಅಂದರೆ ಎಲ್ಲ ಮುಚ್ಚಿಡುವುದು ಅಂತ ಎಷ್ಟೋ ನಿರ್ದೇಶಕರು ತಿಳಿದಿದ್ದಾರೆ. ಮಂಜು, ಹೊಗೆ, ಕಿರಿಚುವ ಪಿಟೀಲು... ಇಲ್ಲಿ ನೋಡಿದರೆ ಹೊತ್ತು ಗೊತ್ತು, ಜಾಗ ಗೊತ್ತು, ಹುಡುಗಿಯ ಹೆಸರು ಗೊತ್ತು, ಬಹುಮಾನದ ಮೊತ್ತವೂ ಗೊತ್ತು. ಮುಚ್ಚಿಟ್ಟದ್ದು ಒಂದೇ, ಮುಖ.

ಹಾಗಾದರೆ ಆ ಖಾಲಿ ಬಿಟ್ಟ ಮುಖದ ಜಾಗದಲ್ಲಿ ಯಾರು ಬಂದು ಕೂರುತ್ತಾರೆ? ಚಿಕ್ಕಂದಿನಲ್ಲಿ ನಮ್ಮನ್ನು ಹೆದರಿಸಿದ ಗುಮ್ಮನಿಗೂ ಮುಖ ಇರಲಿಲ್ಲ. ಅದಕ್ಕೇ ಅವನು ಬಾಗಿಲ ಹಿಂದೆಯೂ ಇದ್ದ, ಹಿತ್ತಲಲ್ಲೂ ಇದ್ದ. ಲಾಂಗ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಎಲ್ಸಿಯ ಬಲೂನು ಹಾರಿಹೋದ ಮರುಕ್ಷಣ ಅವನು ತೋರಿಸುವುದು ಪೇಪರ್ ಮಾರುವ ಹುಡುಗರ ಕೂಗು, ಪೋಸ್ಟರಿನ ಮುಂದೆ ಸೇರಿದ ಜನ. ಬಿಯರು ಕುಡಿಯುತ್ತಾ ಕೂತ ಹಳೇ ಗೆಳೆಯರು ನೀನೇ ಕೊಲೆಗಾರ ಇರಬಹುದು ಅಂತ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ರಸ್ತೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಕನ್ನಡಕದ ಮುದುಕನನ್ನು ಗಂಟೆ ಎಷ್ಟು ಅಂತ ಕೇಳುತ್ತಾಳೆ, ಅವನು ಹೇಳುತ್ತಾನೆ. ಅಷ್ಟಕ್ಕೇ ದೈತ್ಯನಂಥ ಒಬ್ಬ ಬಂದು ಅವನ ಮೇಲೆ ಎರಗುತ್ತಾನೆ, ನಿಮಿಷದಲ್ಲಿ ಜನ ಸುತ್ತುವರಿಯುತ್ತಾರೆ. ಮುದುಕ ದೈತ್ಯನನ್ನು ನೋಡುವಾಗ ಕ್ಯಾಮೆರಾ ಕೆಳಗಿನಿಂದ, ದೈತ್ಯ ಮುದುಕನನ್ನು ನೋಡುವಾಗ ಮೇಲಿನಿಂದ. ಬಸ್ಸಿನಲ್ಲಿ ಸಿಕ್ಕಿಬಿದ್ದ ಕಳ್ಳನೊಬ್ಬ ಪೊಲೀಸರಿಗೆ ನನ್ನ ಬದಲು ಆ ಮಕ್ಕಳ ಕೊಲೆಗಾರನನ್ನು ಹಿಡಿಯಬಾರದಾ ಅನ್ನುತ್ತಾನೆ. 'ಮಕ್ಕಳ ಕೊಲೆಗಾರ' ಎಂಬಷ್ಟೇ ಕಿವಿಗೆ ಬಿದ್ದ ಜನ ಅವನ ಮೇಲೆ ಮುಗಿಬೀಳುತ್ತಾರೆ.

ಒಂದು ನಿಮಿಷದ ಹಿಂದೆ ನಮ್ಮ ಹೊಟ್ಟೆ ಹಿಂಡಿದ ಅದೇ ನೆರಳು ಇವರೆಲ್ಲರನ್ನೂ ಹುಚ್ಚರನ್ನಾಗಿ ಮಾಡಿದೆ. ಆ ಜನರನ್ನು ನೋಡಿ ಬೈಯುವಷ್ಟು ದೂರದಲ್ಲಿ ನಾವೂ ಇಲ್ಲ. 'ದಿ ಲಾಡ್ಜರ್' ಕೂಡ ಇಲ್ಲಿಗೇ ಬಂದು ನಿಲ್ಲುತ್ತದೆ. ಮಫ್ಲರಿನ ಬಾಡಿಗೆದಾರ ನಿರಪರಾಧಿ. ಕೈಕೋಳದೊಂದಿಗೆ ಕಬ್ಬಿಣದ ಬೇಲಿಗೆ ನೇತಾಡುವ ಅವನನ್ನು ಜನ ಇನ್ನೇನು ಕೊಂದೇ ಬಿಡಬೇಕು, ಅಷ್ಟರಲ್ಲಿ ನಿಜವಾದ ಕೊಲೆಗಾರ ಬೇರೆಲ್ಲೋ ಸಿಕ್ಕಿಬಿದ್ದ ಸುದ್ದಿ ಬರುತ್ತದೆ. ಆ ನಿಜವಾದವನ ಮುಖವನ್ನು ಹಿಚ್‌ಕಾಕ್ ನಮಗೆ ಕೊನೆಯ ತನಕ ತೋರಿಸುವುದೇ ಇಲ್ಲ.

ಲಾಂಗ್ ಹೇಳುತ್ತಿದ್ದ ಒಂದು ಕಥೆ ಇದೆ. 'ಎಂ'ಗೆ ಮೊದಲು ಇಟ್ಟಿದ್ದ ಹೆಸರು 'ನಮ್ಮ ನಡುವಿನ ಕೊಲೆಗಾರ' ಎಂಬರ್ಥದ್ದು. ಸ್ಟುಡಿಯೋ ಕೇಳಲು ಹೋದರೆ ಅಲ್ಲಿಯ ಮುಖ್ಯಸ್ಥ ಕೊಡುವುದಿಲ್ಲ ಅಂದನಂತೆ. ಮಕ್ಕಳ ಕೊಲೆಗಾರನ ಸಿನೆಮಾಕ್ಕೆ ಯಾಕಪ್ಪಾ ಈ ಅಡ್ಡಿ ಅಂತ ಅವನ ಕೋಟು ಹಿಡಿದು ಕೇಳುವಾಗ ಕಾಲರಿನ ಒಳಗೆ ನಾಜಿ ಪಕ್ಷದ ಬಿಲ್ಲೆ ಕಂಡಿತಂತೆ. ಕೊಲೆಗಾರ ಅಂದರೆ ತಮ್ಮ ಬಗ್ಗೆಯೇ ಸಿನೆಮಾ ಅಂದುಕೊಂಡಿದ್ದರಂತೆ ಅವರು! ಮುಂದೆ ಆದದ್ದು ಮಾತ್ರ ನಗುವ ವಿಷಯವಲ್ಲ. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಲಾಂಗ್ ಜರ್ಮನಿ ಬಿಟ್ಟ, ಕೊಲೆಗಾರನ ಪಾತ್ರ ಮಾಡಿದ ಪೀಟರ್ ಲೋರೆಯೂ ಬಿಟ್ಟ. 1934ರಲ್ಲಿ 'ಎಂ' ಅನ್ನು ನಿಷೇಧಿಸಿದರು. 1940ರಲ್ಲಿ ನಾಜಿಗಳು ಯಹೂದಿಗಳ ವಿರುದ್ಧ ವಿಷ ಕಾರಲು ಒಂದು ಪ್ರಚಾರ ಚಿತ್ರ ತೆಗೆದರು. ಅದರಲ್ಲಿ 'ಎಂ'ನಿಂದ ಲೋರೆಯ ದೃಶ್ಯವನ್ನು ಕತ್ತರಿಸಿ ಸೇರಿಸಿದರು. ಯಾಕೆಂದರೆ ಲೋರೆ ಯಹೂದಿ. ಗುಮ್ಮನಿಗೆ ಕೊನೆಗೂ ಅವರು ಒಂದು ಇಡೀ ಜನಾಂಗದ ಮುಖ ಅಂಟಿಸಿದರು.

ಬೇರೆ ದೇಶ, ಹಳೇ ಕಾಲ ಅಂತ ಇದನ್ನೆಲ್ಲ ಇಲ್ಲಿಗೇ ಬಿಡಬಹುದಿತ್ತು. ಆದರೆ 2018 ನೆನಪಿದೆಯಲ್ಲ? ಆ ವರ್ಷ ವಾಟ್ಸಾಪಿನಲ್ಲಿ ಒಂದು ವಿಡಿಯೋ ನಮ್ಮ ದೇಶದ ತುಂಬ ಓಡಾಡಿತು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ನಡುವಿನಿಂದ ಬೈಕಿನಲ್ಲಿ ಬಂದವರು ಮಗುವೊಂದನ್ನು ಎತ್ತಿಕೊಂಡು ಹೋಗುವ ವಿಡಿಯೋ. ಅಸಲಿಗೆ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತೆಗೆದ ಕಿರುಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ನಮ್ಮಲ್ಲಿಗೆ ಬಂದದ್ದರಲ್ಲಿ ಆ ಕೊನೆಯನ್ನೇ ಕತ್ತರಿಸಿದ್ದರು. ಉಳಿದದ್ದು ಪಕ್ಕಾ ಥ್ರಿಲ್ಲರಿನ ಆರಂಭ. ಹಗಲು, ಬೀದಿ, ಆಡುವ ಮಕ್ಕಳು, ಮಾಯವಾದ ಮಗು.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಇನ್ನೊಂದು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರ ಗುಂಪು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟು ಕೊಟ್ಟಿತು. ಅಷ್ಟೇ. ಮಕ್ಕಳ ಕಳ್ಳರು ಎಂಬ ಸುದ್ದಿ ಅವರ ಕಾರಿಗಿಂತ ಮೊದಲೇ ವಾಟ್ಸಾಪಿನಲ್ಲಿ ಮುರ್ಕಿ ಎಂಬ ಊರು ತಲುಪಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿದರು. ಕಾರು ಉರುಳಿತು. ಸತ್ತವನು 32 ವರ್ಷದ ಸಾಫ್ಟ್‌ವೇರ್ ಇಂಜಿನಿಯರ್.

ಗಂಟೆ ಎಷ್ಟು ಅಂತ ಹೇಳಿದ ಕನ್ನಡಕದ ಮುದುಕನಿಗೂ ಇವನಿಗೂ ಏನು ವ್ಯತ್ಯಾಸ? ಅವನದು ಸಿನೆಮಾ ಆದ್ದರಿಂದ ಬದುಕಿದ. ಮುರ್ಕಿ ಘಟನೆಯಾಗಿ ಒಂದು ವಾರದೊಳಗೆ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಹೇಳಿದರು. ಇಂಥ ಮಿತಿ ಹಾಕುವ ಕೋಡು ಬರೆಯುವುದು ನಮ್ಮಂಥವರಿಗೆ ಕಷ್ಟದ ಕೆಲಸವಲ್ಲ. ಕೊನೆ ಕತ್ತರಿಸಿದ ಕಥೆಯನ್ನು ನೋಡಿದವನ ಮನಸ್ಸಿನಲ್ಲಿ ಆ ಕೊನೆಯನ್ನು ಮತ್ತೆ ಅಂಟಿಸುವ ಕೋಡನ್ನು ಯಾರೂ ಬರೆದಿಲ್ಲ.

ನನಗೆ 'ಎಂ' ದೊಡ್ಡ ಸಿನೆಮಾ ಅನ್ನಿಸುವುದು ಇದಕ್ಕೇ. ಆರಂಭದಲ್ಲಿ ಮುಚ್ಚಿಟ್ಟ ಮುಖವನ್ನು ಲಾಂಗ್ ನಮಗೆ ಬಾಕಿ ಉಳಿಸಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸುತ್ತಾನೆ. ದುಂಡು ಮುಖ, ದೊಡ್ಡ ಕಣ್ಣು, ಬೀದಿಯಲ್ಲಿ ಎದುರಾದರೆ ಎರಡನೇ ಸಲ ತಿರುಗಿ ನೋಡದಂಥ ಒಬ್ಬ ಮನುಷ್ಯ. ಕೊನೆಗೆ ಊರಿನ ಕಳ್ಳರು, ಭಿಕ್ಷುಕರೆಲ್ಲ ಸೇರಿ ಅವನನ್ನು ಹಿಡಿದು, ತಮ್ಮದೇ ನ್ಯಾಯಾಲಯ ನಡೆಸಿ, ಕೊಲ್ಲಿ ಅಂತ ಕೂಗುವಾಗ ಅವನಿಗೂ ಮಾತಾಡಲು ಬಿಡುತ್ತಾನೆ. ಅವನು ಮಾಡಿದ್ದು ಸರಿ ಅಂತ ನಮಗೆ ಒಂದು ಕ್ಷಣವೂ ಅನ್ನಿಸುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಅವನು ಗುಮ್ಮನಾಗಿ ಉಳಿದಿರುವುದೂ ಇಲ್ಲ. ಕೊಲ್ಲಿ ಅಂತ ಜೊತೆಗೆ ಕೂಗಲು ಹೊರಟ ನಮ್ಮ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

ಕಟ್ಟಕಡೆಯ ದೃಶ್ಯದಲ್ಲಿ ಕಪ್ಪು ಬಟ್ಟೆಯ ಮೂವರು ತಾಯಂದಿರು ಕೂತಿದ್ದಾರೆ. ಶ್ರೀಮತಿ ಬೆಕ್‌ಮನ್ ಹೇಳುತ್ತಾಳೆ, ಇದರಿಂದ ನಮ್ಮ ಮಕ್ಕಳೇನೂ ವಾಪಸ್ಸು ಬರುವುದಿಲ್ಲ, ಮಕ್ಕಳನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕು ಅಂತ. ತಟ್ಟೆ ಇಟ್ಟು ಕಾದಿದ್ದವಳೇ ಹೇಳಬಹುದಾದ ಮಾತು.

ನೋಡಿಲ್ಲದವರು ಒಮ್ಮೆ ನೋಡಿ. ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಬೇಡಿ, ಕೊನೆಯ ತನಕ ನೋಡಿ.